ಎಲೆಗೆ ಸಿಗದ ಅಮಿನಿಯೇಲಿ

ಅಮಿನಿಯೇಲಿ ಲೆಮಾ ಸಿಲ್ವರ್ ಓಕ್ ಮರ ಹತ್ತಿ ಕೂತಿದ್ದಾನೆ ಎಂಬ ಸುದ್ದಿ ಬಂದಾಗ ನಮ್ಮೂರಿನಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಅರವತ್ತರ ಹತ್ತಿರದ ಮನುಷ್ಯ, ಒಂದು ಭುಜ ಇನ್ನೊಂದಕ್ಕಿಂತ ಕೆಳಗೆ ಇಳಿದಿರುವವನು, ಹಾಗೆ ಮರ ಹತ್ತಬಾರದು ಎಂದು ಒಂದಿಬ್ಬರು ಹೆಂಗಸರು ಅಂದರು. ಉಳಿದವರು ಕೆಲಸ ಬಿಟ್ಟು ನೋಡಲು ಹೋದರು. ಕೊಯ್ಲಿನ ಕಾಲದಲ್ಲಿ ನಮಗೆ ಬಿಡುವು ಇರುವುದಿಲ್ಲ, ಆದರೆ ಇಂಥದ್ದಕ್ಕೆ ಹೇಗೋ ಹೊಂದಿಸಿಕೊಳ್ಳುತ್ತೇವೆ.

ಮರದ ಬುಡದಲ್ಲಿ ಅವನ ಚಿಕ್ಕಪ್ಪ ಫಿಲೆಮೋನಿ ಕೋಲೂರಿಕೊಂಡು ನಿಂತಿದ್ದ. ಲೆಮಾ ವಂಶಕ್ಕೆ ಅವನೇ ಈಗ ಹಿರಿಯ. ಇನ್ನೊಂದು ಕೈಯಲ್ಲಿ ಗಂಟು ಹಾಕಿದ ಉದ್ದನೆಯ ಹಸಿರು ಎಲೆ ಇತ್ತು.

"ಇಳಿದು ಬಾರೋ. ನನ್ನ ಮಂಡಿ ಚಿಪ್ಪು ಕಳಚಿ ಬೀಳೋದ್ರಲ್ಲಿದೆ."

"ನೆರಳು ಜಾಸ್ತಿ ಆಗಿದೆ ಚಿಕ್ಕಪ್ಪ. ಕಾಫಿಗೆ ಬಿಸಿಲೇ ಬೀಳ್ತಿಲ್ಲ. ಕೊಂಬೆ ಸವರೋಣ ಅಂತ ಹತ್ತಿದೆ."

"ಕತ್ತಿ ಎಲ್ಲಿ?"

"ಮರೆತು ಬಂದೆ."

"ಹಾಗಾದ್ರೆ ಇಳಿದು ತಗೊಂಡು ಹೋಗು."

"ಪರವಾಗಿಲ್ಲ, ಕೈಲೇ ಮುರೀತೀನಿ."

ಗುಂಪಿನಿಂದ ಯಾರೋ, "ಎಲೆ ಕಂಡ್ರೆ ಓಡೋ ಮೇಕೆ ನಮ್ಮೂರಲ್ಲಿ ಇದೊಂದೇ," ಅಂದರು. ಎಲ್ಲರೂ ನಕ್ಕರು. ಫಿಲೆಮೋನಿಯೂ ನಗು ತಡೆಯಲಾರದೆ ಕೆಮ್ಮಿದ. ಸ್ವಲ್ಪ ಹೊತ್ತು ಕಾದು, ಎಲೆಯನ್ನು ಕೋಟಿನ ಒಳಜೇಬಿಗೆ ಸೇರಿಸಿ, ಬಂದ ದಾರಿಯಲ್ಲೇ ಕುಂಟುತ್ತಾ ಹೋದ. ಅವನ ಕೋಲಿನ ಸದ್ದು ಕಾಲುವೆ ದಾಟಿದ್ದು ಖಾತ್ರಿಯಾದ ಮೇಲೆ ಅಮಿನಿಯೇಲಿ ಕೆಳಗಿಳಿದ. ಹಸ್ತದ ಚರ್ಮ ಸುಲಿದಿತ್ತು.

ಆ ಎಲೆ ಇಸಾಲೆಯದು. ಬೇಲಿಯಲ್ಲಿ, ಗಡಿಯಲ್ಲಿ, ಗೋರಿಯ ತಲೆಯ ಹತ್ತಿರ ನಾವು ನೆಡುವ ಗಿಡ. ಅದರ ಎಲೆಗೆ ಗಂಟು ಹಾಕಿ ಕಳಿಸಿದರೆ 'ತಪ್ಪಾಯಿತು, ಬಿಟ್ಟುಬಿಡು' ಎಂದು ಕೇಳಿಕೊಂಡಂತೆ. ಅದನ್ನು ಬೇಡ ಎನ್ನುವಂತಿಲ್ಲ. ಕೊಲೆಗಾರನೇ ಕಳಿಸಿದರೂ ಕೈಚಾಚಿ ತೆಗೆದುಕೊಳ್ಳಬೇಕು. ಇಲ್ಲವಾದರೆ ತಪ್ಪು ಕಳಿಸಿದವನ ಹೆಗಲಿನಿಂದ ಇಳಿದು ಬೇಡ ಎಂದವನ ಹೆಗಲಿಗೆ ಏರುತ್ತದೆ, ಅವನ ಮನೆಗೆ ಯಾರೂ ಬೆಂಕಿ ಕೇಳಲೂ ಹೋಗುವುದಿಲ್ಲ. ತೆಗೆದುಕೊಂಡ ಮೇಲೆ ಆ ವಿಷಯವನ್ನು ಬಾಯಲ್ಲಿ ಎತ್ತುವಂತಿಲ್ಲ. ಇಷ್ಟನ್ನೆಲ್ಲ ಯೋಚಿಸಿ ಕಟ್ಟಳೆ ಮಾಡಿದ ಹಿರಿಯರಿಗೆ, ಎಲೆಯನ್ನು ನಿರಾಕರಿಸದೆ ಬರೀ ಅದರ ಕೈಗೆ ಸಿಗದೆ ಓಡಾಡುವ ಒಬ್ಬ ಮನುಷ್ಯ ಹುಟ್ಟುತ್ತಾನೆಂದು ಹೊಳೆದಿರಲಿಲ್ಲ. ಅದಕ್ಕೆ ಅವರನ್ನು ದೂರುವುದೂ ಕಷ್ಟ. ಅಮಿನಿಯೇಲಿಯ ಹೆಂಡತಿಗೇ ಅದು ಹೊಳೆದಿರಲಿಲ್ಲ.

ಎಲೆ ಕಳಿಸುತ್ತಿದ್ದವನು ಅವನ ತಮ್ಮ ಶೆಡ್ರಾಕಿ.

ನಮ್ಮಲ್ಲಿ ಹಿರಿಯ ಮಗನಿಗೆ ಮದುವೆಯಾದಾಗಲೇ ಮೇಲಿನ ತುಂಡು ಸಿಗುತ್ತದೆ. ಕೊನೆಯವನಿಗೆ ಅಪ್ಪನ ಮನೆ, ಅಪ್ಪನ ಬಾಳೆ, ಅಪ್ಪನ ಕಾಫಿ. ನಡುವಿನವನಿಗೆ ಆಶೀರ್ವಾದ. ಅಮಿನಿಯೇಲಿ ನಡುವಿನವನು, ಶೆಡ್ರಾಕಿ ಕೊನೆಯವನು. ಹಿಂದೆ ಕಾಡು ಕಡಿದು ಹೊಸ ತೋಟ ಮಾಡಿಕೊಳ್ಳಲು ಜಾಗವಿತ್ತು, ಆಶೀರ್ವಾದ ಉಪಯೋಗಕ್ಕೆ ಬರುತ್ತಿತ್ತು. ಅವನ ಕಾಲಕ್ಕೆ ಬೆಟ್ಟ ತುಂಬಿಹೋಗಿತ್ತು. ಆದರೂ ಅವನು ಅಪ್ಪನ ತೋಟದಲ್ಲೇ ದುಡಿದ, ಯುವಕನಾಗಿದ್ದಾಗ ಕಾಲುವೆಯ ಪಕ್ಕದಲ್ಲಿ ಒಂದು ಸಾಲು ಕಾಫಿ ನೆಟ್ಟ. ಆ ಸಾಲಿನ ಬಗ್ಗೆ ಅವನಿಗಿದ್ದ ಜಂಬ ಊರಿಗೆಲ್ಲ ಗೊತ್ತು. ತಾಯಿಬೇರು ನೆಟ್ಟಗೆ ಇಳಿಯುವ ಹಾಗೆ ನೆಡುವವನು ಈ ಬೆಟ್ಟದಲ್ಲಿ ತಾನೊಬ್ಬನೇ ಎಂದು ಹೆಂಡದ ಬುರುಡೆ ಕೈಗೆ ಬಂದಾಗಲೆಲ್ಲ ಹೇಳುತ್ತಿದ್ದ. ನಾವು ಬುರುಡೆ ಬೇಗ ನಮ್ಮ ಕಡೆಗೆ ಬರಲಿ ಎಂದು ಹೌದು ಹೌದು ಅನ್ನುತ್ತಿದ್ದೆವು.

ಅಪ್ಪ ಸಾಯುವ ದಿನ ಮಧ್ಯಾಹ್ನ ಹಾಸಿಗೆಯ ಪಕ್ಕದಲ್ಲಿ ಇದ್ದವರು ಅಮಿನಿಯೇಲಿ, ಶೆಡ್ರಾಕಿ, ಮತ್ತು ಒಳಗೆ ಕಟ್ಟಿದ್ದ ದನ. ಮುದುಕ ಕಣ್ಣು ಬಿಟ್ಟು, "ಕಾಲುವೆ ಪಕ್ಕದ ಸಾಲು ಅಮಿನಿಯೇಲಿಗೆ. ನೆಟ್ಟವನು ಅವನು," ಅಂದ. ಸ್ಪಷ್ಟವಾಗಿಯೇ ಅಂದ. ಮಣ್ಣಾದ ಮೇಲೆ ವಂಶದವರೆಲ್ಲ ಕೂತಾಗ ಅಮಿನಿಯೇಲಿ ಇದನ್ನು ಹೇಳಿದ. ಪಾಲು ಕೇಳುವವನ ಮಾತಿಗೆ ಸಾಕ್ಷಿ ಬೇಕಲ್ಲ. ಫಿಲೆಮೋನಿ ಶೆಡ್ರಾಕಿಯ ಕಡೆ ತಿರುಗಿದ. ಶೆಡ್ರಾಕಿ ತನ್ನ ಬೆರಳುಗಳನ್ನು ನೋಡುತ್ತಾ, "ನನಗೆ ಏನೂ ಕೇಳಿಸಲಿಲ್ಲ. ದನ ಕೂಗ್ತಿತ್ತು," ಅಂದ.

ದನ ಕೂಗಿರಲಿಲ್ಲ. ಆದರೆ ದನವನ್ನು ಕರೆದು ವಿಚಾರಿಸುವ ಪದ್ಧತಿ ನಮ್ಮಲ್ಲಿಲ್ಲ.

ಅಮಿನಿಯೇಲಿ ಹೆಂಡತಿ ಎಲಿಶಿಲಿಯಾಳನ್ನು ಕರೆದುಕೊಂಡು ಬೆಟ್ಟದ ಬುಡಕ್ಕೆ, ಬಾಳೆ ಮುಗಿದು ಧೂಳು ಶುರುವಾಗುವಲ್ಲಿ, ಅವಳ ಅಣ್ಣ ಕೊಟ್ಟ ಮೂಲೆಯಲ್ಲಿ ಹಲಗೆಯ ಮನೆ ಕಟ್ಟಿದ. ಮೂರು ಹೆಣ್ಣುಮಕ್ಕಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದರು. ಅವನು ದಿನಾ ಬೆಟ್ಟ ಹತ್ತಿ ಊರವರ ಕಾಫಿಗೆ ಚಿಗುರು ತೆಗೆಯುತ್ತಿದ್ದ, ಗಿಡ ಸವರುತ್ತಿದ್ದ, ಕೊಯ್ಲಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಹಿಡಿ ತಿರುಗಿಸುತ್ತಿದ್ದ. ಒಂದು ಭುಜ ಇಳಿದದ್ದು ಹಾಗೆ. ಶೆಡ್ರಾಕಿಯ ತೋಟವೊಂದನ್ನು ಬಿಟ್ಟು ಎಲ್ಲರ ತೋಟಕ್ಕೂ ಹೋಗುತ್ತಿದ್ದ. ಆದರೆ ಹೋಗುವಾಗ ಬರುವಾಗ ಕಾಲುವೆಯ ದಂಡೆಯ ಮೇಲೇ ನಡೆಯುತ್ತಿದ್ದ, ಅದು ಸುತ್ತು ದಾರಿಯಾದರೂ.

ಆ ಸಾಲಿನ ಹಣ್ಣಿಗಾಗಿ ಅವನು ಇಷ್ಟು ವರ್ಷ ಹೊಟ್ಟೆ ಉರಿದುಕೊಂಡ ಎಂದರೆ ಅದು ಅರ್ಧ ನಿಜ. ತೋಟವಿದ್ದವನು ಸತ್ತರೆ ತನ್ನ ಬಾಳೆಯ ನಡುವೆ, ಅಪ್ಪ ಅಜ್ಜನ ಪಕ್ಕದಲ್ಲಿ, ನಮ್ಮ ಬೆಟ್ಟದ ನೆತ್ತಿಯ ಕಿಬೋ ಶಿಖರದ ಕಡೆಗೆ ಮುಖ ಮಾಡಿ ಮಲಗುತ್ತಾನೆ. ತೋಟವಿಲ್ಲದವನನ್ನು ಕೆಳಗಿನ ಚರ್ಚಿನ ಬಯಲಿನಲ್ಲಿ ಹೂಳುತ್ತಾರೆ, ಬೇರೆ ಸೀಮೆಯಿಂದ ಬಂದು ಸತ್ತ ಪೊಲೀಸರ, ರೈಲಿನವರ ಮಧ್ಯೆ. ಅಲ್ಲಿ ಗಾಳಿಗೆ ಶಿಲುಬೆಗಳು ಬಾಗಿವೆ. ಅಮಿನಿಯೇಲಿಗೆ ಆ ಬಯಲನ್ನು ಕಂಡರೆ ಆಗುತ್ತಿರಲಿಲ್ಲ. ಯಾರದ್ದಾದರೂ ಮಣ್ಣಿಗೆಂದು ಅಲ್ಲಿಗೆ ಹೋದರೆ ಎರಡು ದಿನ ಊಟ ಸೇರುತ್ತಿರಲಿಲ್ಲ.

ಅವನು ಮರ ಹತ್ತಿದ ವರ್ಷ, ಮಳೆಗಾಲ ಮುಗಿಯುವಾಗ ಶೆಡ್ರಾಕಿಯ ಹೊಟ್ಟೆಯಲ್ಲಿ ಗಡ್ಡೆ ಎಂದಾಯಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅಲ್ಲಿಂದ ಎಲೆ ಹೊರಟಿತು.

ಮೊದಲ ಸಲ ಎಲೆ ಮನೆಗೆ ಬಂದಾಗ ಅಮಿನಿಯೇಲಿ ಹಿಂದಿನ ಬಾಗಿಲಿನಿಂದ ಹೊರಬಿದ್ದ. ಎರಡನೆಯ ಸಲ ಚರ್ಚಿನಲ್ಲಿ, ಪಾದ್ರಿ ಕಣ್ಣು ಮುಚ್ಚಿದಾಗ ಫಿಲೆಮೋನಿ ಬೆಂಚಿನಿಂದ ಬೆಂಚಿಗೆ ಜರುಗುತ್ತಾ ಬಂದ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅಮಿನಿಯೇಲಿಯ ಜಾಗದಲ್ಲಿ ಅವನ ಟೋಪಿ ಮಾತ್ರ ಇತ್ತು. ಮೂರನೆಯದು ಮರ.

ಆ ಸಂಜೆ ಎಲಿಶಿಲಿಯಾ ಬಾಳೆಕಾಯಿ, ಹುರುಳಿ ಬೇಯಿಸಿದ ಮಡಕೆಯನ್ನು ಅವನ ಮುಂದೆ ಕುಕ್ಕಿದಳು. "ನಾಳೆ ಇನ್ಯಾವ ಮರ?"

"ಸುಮ್ನಿರೇ."

"ಸುಮ್ನಿದ್ದಿದ್ದಕ್ಕೇ ಇಲ್ಲಿ ಧೂಳು ತಿಂತಿರೋದು. ಸಾಯೋ ಮನುಷ್ಯ ಕೇಳ್ತಿದಾನೆ. ಒಂದು ಎಲೆ ಇಸ್ಕೊಳ್ಳೋಕೆ ನಿಮ್ಮ ಕೈಗೆ ಏನಾಗಿದೆ?"

"ಇಸ್ಕೊಂಡ್ರೆ ಮುಗೀತಲ್ಲೇ. ಆಮೇಲೆ ನಾನು ಸಾಲು ಅನ್ನೋ ಮಾತು ಎತ್ತೋ ಹಾಗಿಲ್ಲ. ಅವನೊಬ್ಬನೇ ಕೇಳಿಸ್ಕೊಂಡವನು. ನಾಲ್ಕು ಜನರ ಮುಂದೆ, 'ಅಪ್ಪ ಹೇಳಿದ್ದ' ಅಂತ ಒಂದು ಮಾತು ಹೇಳ್ಲಿ. ಹೇಳಿದ ಗಳಿಗೇಲೇ ಎಲೆ ತಗೋತೀನಿ. ಬೇಕಾದ್ರೆ ಗಿಡವೇ ತಗೋತೀನಿ."

"ಅವನು ಹೇಳೋ ಮೊದಲೇ ಸತ್ರೆ?"

ಅಮಿನಿಯೇಲಿ ಮಡಕೆಗೆ ಕೈ ಹಾಕಿದ. ಬಾಳೆಕಾಯಿಯನ್ನು ಜಗಿದ, ನುಂಗುವುದನ್ನು ಮರೆತವನ ಹಾಗೆ ತುಂಬಾ ಹೊತ್ತು ಜಗಿದ.

ಅವನನ್ನು ಹಿಡಿಯುವುದು ಹೇಗೆಂದು ಕೊನೆಗೆ ಕಂಡುಕೊಂಡವನು ಶೆಡ್ರಾಕಿಯೇ. ಕಾಫಿ ಹಣ್ಣನ್ನು ಕೊಯ್ದ ದಿನವೇ ಸಿಪ್ಪೆ ಬಿಡಿಸಬೇಕು. ಮರುದಿನಕ್ಕೆ ಬಿಟ್ಟರೆ ಹುಳಿ ಬಂದು ಬೀಜವೆಲ್ಲ ಹಾಳು, ಕಾಫಿ ಕೊಳ್ಳುವ ಸಂಘದವರು ಮೂಸಿ ನೋಡಿ ಪಕ್ಕಕ್ಕೆ ತಳ್ಳುತ್ತಾರೆ. ಪಲ್ಪರಿನ ಬಾಯಿ ತುಂಬಿರುವಾಗ ಅಮಿನಿಯೇಲಿ ಹಿಡಿ ಬಿಟ್ಟು ಓಡುವವನಲ್ಲ. ಅವನ ತಲೆಗೆ ಬಂದೂಕು ಹಿಡಿದರೂ, 'ಈ ಬುಟ್ಟಿ ಮುಗೀಲಿ' ಅನ್ನುವವನು. "ವಿಧವೆ ಅನ್ನಾಳ ಮನೇಲಿ ಯಾವತ್ತು ಕೊಯ್ಲು ಅಂತ ವಿಚಾರಿಸಿ," ಎಂದು ಶೆಡ್ರಾಕಿ ತನ್ನ ಹೆಂಡತಿ ಐಕಾಳಿಗೆ ಹೇಳಿದನಂತೆ. "ಅವತ್ತು ನನ್ನನ್ನೇ ಹೊತ್ಕೊಂಡು ಹೋಗಿ."

ಹೊತ್ತುಕೊಂಡು ಹೋಗಲು ಮನೆಯಲ್ಲಿ ಸರಿಯಾದ ಮಂಚವಿರಲಿಲ್ಲ. ಕಾಫಿ ಒಣಗಿಸುವ ಜಾಲರಿಯ ಚೌಕಟ್ಟಿನ ಮೇಲೆ ಕಂಬಳಿ ಹಾಸಿ ಮಲಗಿಸಿದರು. ಒಂದು ಕಾಲಕ್ಕೆ ಆನೆಯಂತಿದ್ದ ಮನುಷ್ಯ, ಜಾಲರಿ ಜೋತು ಬೀಳಲೂ ಇಲ್ಲ. ನಾಲ್ಕು ಜನ ಹೊತ್ತರು, ಫಿಲೆಮೋನಿ ಮುಂದೆ, ಐಕಾ ಹಿಂದೆ. ದಾರಿಯಲ್ಲಿ ಕಂಡವರು ಹೆಣವೆಂದು ಟೋಪಿ ತೆಗೆದರು. ಶೆಡ್ರಾಕಿ ತಲೆ ಎತ್ತಿ, "ಇನ್ನೂ ಇಲ್ಲ, ಹಾಕ್ಕೊಳ್ಳಿ," ಅಂದನಂತೆ.

ಅನ್ನಾಳ ಮನೆಯ ಹಿಂದೆ, ಮಾಡಿನ ಕೆಳಗೆ, ಅಮಿನಿಯೇಲಿ ಹಿಡಿ ತಿರುಗಿಸುತ್ತಿದ್ದ. ಕೆಂಪು ಹಣ್ಣು ಮೇಲಿನಿಂದ ಇಳಿದು, ಸಿಪ್ಪೆ ಒಂದು ಕಡೆ, ಲೋಳೆ ಹತ್ತಿದ ಬೀಜ ಇನ್ನೊಂದು ಕಡೆ ಬೀಳುತ್ತಿತ್ತು. ತಲೆ ಎತ್ತಿದಾಗ ದಾರಿ ಮುಚ್ಚಿತ್ತು. ಪಲ್ಪರಿನ ಬಾಯಿ ನೋಡಿದ. ತುಂಬಿತ್ತು. ಪಕ್ಕದಲ್ಲಿ ಇನ್ನೂ ಬುಟ್ಟಿಗಳಿದ್ದವು.

ಹೊತ್ತು ತಂದವರು ಚೌಕಟ್ಟನ್ನು ಅವನ ಕಾಲಬಳಿ ಇಳಿಸಿದರು. ಅಣ್ಣ ತಮ್ಮಂದಿರ ಮಾತಿಗೆ ಕಿವಿ ಕೊಡುವುದು ಸಭ್ಯತೆಯಲ್ಲ. ಎಲ್ಲರೂ ಬಾಳೆಯ ಆಚೆಗೆ ಹೋದರು. ಅಲ್ಲಿ ಅನ್ನಾ ಬಾಳೆಹಣ್ಣಿನ ಹೆಂಡದ ಬುರುಡೆ ಇಟ್ಟಿದ್ದಳು. ನಮ್ಮ ಸಭ್ಯತೆಗೆ ಅದೂ ಒಂದು ಕಾರಣ.

ಅಮಿನಿಯೇಲಿ ತಿರುಗಿಸುತ್ತಲೇ ಇದ್ದ. ಶೆಡ್ರಾಕಿಯ ಎದೆಯ ಮೇಲೆ, ಮಡಚಿದ ಬೆರಳುಗಳ ನಡುವೆ, ಎಲೆಯಿತ್ತು.

"ಚೆನ್ನಾಗಿ ತಿರುಗಿಸ್ತೀಯ ಅಣ್ಣ."

"ನಿನ್ನ ತೋಟದ್ದು ಯಾರು ತಿರುಗಿಸ್ತಾರೆ?"

"ಯಾರೋ. ಅರ್ಧ ಬೀಜ ಒಡೆದು ಹಾಕ್ತಾರೆ."

"ಹಲ್ಲು ಬಿಗಿ ಮಾಡಿರ್ತಾರೆ. ಸ್ವಲ್ಪ ಸಡಿಲ ಬಿಡೋಕೆ ಹೇಳು."

"ಹೇಳ್ತೀನಿ." ಶೆಡ್ರಾಕಿ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ತಗೋ ಅಣ್ಣ. ಕೈ ನೋಯ್ತಿದೆ."

"ಮೊದಲು ಹೇಳು. ಆಮೇಲೆ ತಗೋತೀನಿ."

"ಮೊದಲು ತಗೋ. ಆಮೇಲೆ ಹೇಳ್ತೀನಿ."

"ತಗೊಂಡ ಮೇಲೆ ನೀನು ಹೇಳಿದ್ರೂ ಅದಕ್ಕೆ ಬೆಲೆಯಿಲ್ಲ, ಹೇಳದಿದ್ರೂ ನಾನು ಕೇಳೋ ಹಾಗಿಲ್ಲ. ನನ್ನನ್ನ ಏನು ಪೆದ್ದ ಅಂದ್ಕೊಂಡ್ಯಾ?"

"ಹೇಳಿದ ಮೇಲೆ ನೀನು ತಗೊಳ್ದೆ ಹೋದ್ರೆ? ಐಕಾಳ ಮುಂದೆ ಸುಳ್ಳನಾಗಿ, ಕ್ಷಮೆಯೂ ಇಲ್ದೆ ಸಾಯ್ಬೇಕಾ?"

ಚಿಕ್ಕಂದಿನಲ್ಲಿ ಒಂದೇ ಬಾಳೆಹಣ್ಣಿಗೆ ಇವರಿಬ್ಬರೂ ಹೀಗೆಯೇ ಜಗಳವಾಡಿ, ಕೊನೆಗೆ ಅದನ್ನು ದನ ತಿನ್ನುತ್ತಿತ್ತು ಎಂದು ಫಿಲೆಮೋನಿ ಹೇಳುವುದುಂಟು. ಬುಟ್ಟಿ ಖಾಲಿಯಾಯಿತು. ಅಮಿನಿಯೇಲಿ ಇನ್ನೊಂದನ್ನು ಸುರಿದ. ಹಿಡಿಯ ಮೇಲೆ ಕೈಯಿಟ್ಟ, ಆದರೆ ತಿರುಗಿಸಲಿಲ್ಲ.

ಆ ನಿಶ್ಶಬ್ದದಲ್ಲಿ ಶೆಡ್ರಾಕಿ ಹೇಳಿದ. ಮುಖವನ್ನು ಮಾಡಿನ ಕಡೆ ತಿರುಗಿಸಿ, ಮೆಲ್ಲಗೆ. "ಅಪ್ಪ ಹೇಳಿದ್ದ. ಕಾಲುವೆ ಪಕ್ಕದ ಸಾಲು ನಿಂದು ಅಂತ. ನನಗೆ ಕೇಳಿಸಿತ್ತು. ದನ ಕೂಗಿರಲಿಲ್ಲ."

ಇಷ್ಟು ವರ್ಷ ಕಾದ ಮಾತು. ಕಿವಿಗೆ ಬಿದ್ದಾಗ ಅದು ಎಷ್ಟು ಚಿಕ್ಕದು ಅನ್ನಿಸಿತು. ತಮ್ಮನ ಕೈ ಎಲೆ ಸಮೇತ ಒಂದು ಗೇಣು ಮೇಲೆದ್ದಿತ್ತು. ಅವನು ಆಗ ಕೈ ಚಾಚಬೇಕಿತ್ತು. ಬೇರೆ ಯಾವ ಸೀಮೆಯವನಾದರೂ ಚಾಚುತ್ತಿದ್ದನೇನೋ. ಆದರೆ ಸಾಕ್ಷಿಯಿಲ್ಲದ ಮಾತಿನ ಗತಿ ಏನಾಗುತ್ತದೆಂದು ಅವನಷ್ಟು ಕಲಿತವನು ನಮ್ಮ ಬೆಟ್ಟದಲ್ಲಿ ಇನ್ನೊಬ್ಬನಿರಲಿಲ್ಲ.

"ತಡಿ. ಚಿಕ್ಕಪ್ಪನ್ನ ಕರೀತೀನಿ. ಇದನ್ನೇ ಇನ್ನೊಂದು ಸಲ ಹೇಳು, ಅವರು ಕೇಳೋ ಹಾಗೆ. ಅಷ್ಟೇ ಸಾಕು."

"ಅಣ್ಣ, ಮೊದಲು ಇದನ್ನ..."

"ಬಂದೆ, ಬಂದೆ."

ಅಮಿನಿಯೇಲಿ ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಹಣ್ಣು ತುಂಬಿದ ಪಲ್ಪರನ್ನು ಬಿಟ್ಟು ಓಡಿದ. ಬಾಳೆಯ ಆಚೆ ಫಿಲೆಮೋನಿ ಬುರುಡೆ ಎತ್ತಿದ್ದವನು ಗುಟುಕು ಮುಗಿಸಲು ಒಂದು ಕ್ಷಣ ತೆಗೆದುಕೊಂಡ. ಕೋಲು ಹುಡುಕಲು ಇನ್ನೊಂದು ಕ್ಷಣ. ಮಂಡಿಗೆ ಒಂದಷ್ಟು. ಅಮಿನಿಯೇಲಿ ಅವನ ತೋಳು ಹಿಡಿದು ಎಳೆಯುತ್ತಲೇ ತಂದ, ಹಿಂದೆ ಐಕಾ, ಹಿಂದೆ ಉಳಿದವರು.

ಶೆಡ್ರಾಕಿಯ ಕಣ್ಣು ಮಾಡಿನ ಕಡೆಗೇ ಇತ್ತು. ಎಲೆ ಮುಷ್ಟಿಯೊಳಗೆ ಮುದುಡಿತ್ತು. ಸಿಪ್ಪೆಯ ಮೇಲೆ ಕೂತಿದ್ದ ನೊಣಗಳು ಆಗಲೇ ಜಾಗ ಬದಲಿಸಲು ಶುರು ಮಾಡಿದ್ದವು.

ಐಕಾ ಕೂಗಲಿಲ್ಲ. ಗಂಡನ ಮುಷ್ಟಿಯನ್ನು ನೋಡಿದಳು, ಆಮೇಲೆ ಅಮಿನಿಯೇಲಿಯ ಕೈಗಳನ್ನು ನೋಡಿದಳು. ಎರಡೂ ಖಾಲಿ, ಮೊಣಕೈಯವರೆಗೆ ಕಾಫಿಯ ಲೋಳೆ.

ಫಿಲೆಮೋನಿ ಕೋಲಿನ ಮೇಲೆ ಭಾರ ಹಾಕಿ ನಿಂತ. ಅವನು ಕೇಳಲೇಬೇಕಾಗಿತ್ತು. ಕ್ಷಮೆ ಸಿಗದೆ ಸತ್ತವನನ್ನು ತೋಟದೊಳಗೆ ಮಲಗಿಸುವುದಿಲ್ಲ. ಅವನ ಗೊನೆ, ಅವನ ಹಣ್ಣು ಯಾರೂ ಮುಟ್ಟುವುದಿಲ್ಲ, ಹೆಂಡತಿ ಮಕ್ಕಳು ತಾವೇ ಕೊಯ್ಯಬೇಕು.

"ಅಮಿನಿಯೇಲಿ, ಏನಾದ್ರೂ ಹೇಳಿದ್ನಾ?"

ಎಲ್ಲರೂ ಅವನ ಬಾಯಿ ನೋಡಿದರು. ಹೇಳಬಹುದಿತ್ತು. ಆದರೆ ಹೇಳುವವನು ಅವನೊಬ್ಬನೇ, ಕೇಳಿಸಿಕೊಂಡವನು ಅವನೊಬ್ಬನೇ, ಸಾಲು ಬೇಕಾಗಿದ್ದವನೂ ಅವನೇ. ಹೆಣದ ಪಕ್ಕ ನಿಂತು ಅಂಥ ಮಾತಾಡುವವನನ್ನು ನಾವು ಏನೆನ್ನುತ್ತೇವೆಂದು ಅವನಿಗೆ ಗೊತ್ತಿತ್ತು. ಅಂದು ಹೆಂಡದ ಬಳಿ ಇದ್ದ ನಮ್ಮಲ್ಲಿ ಒಬ್ಬರೂ ನಂಬುತ್ತಿರಲಿಲ್ಲ.

"ಪಲ್ಪರಿನ ಹಲ್ಲು ಬಿಗಿಯಾಗಿದೆ ಅಂದ. ಸಡಿಲ ಬಿಡಬೇಕಂತೆ," ಅಂದ ಅಮಿನಿಯೇಲಿ.

"ಎಲೆ?"

ಐಕಾ ಇನ್ನೂ ಅವನ ಕೈಗಳನ್ನೇ ನೋಡುತ್ತಿದ್ದಳು.

"ತಗೊಂಡೆ," ಅಂದ. "ತಗೊಂಡು, ಲೋಳೆ ಕೈ ಅಂತ, ಸ್ವಲ್ಪ ಹಿಡ್ಕೊಂಡಿರು ಅಂತ ವಾಪಸ್ ಅವನ ಕೈಗೇ ಕೊಟ್ಟೆ."

ಎಲೆಯ ಮೇಲೆ ಲೋಳೆಯ ಗುರುತೂ ಇರಲಿಲ್ಲ. ಫಿಲೆಮೋನಿ ಅದನ್ನು ನೋಡಿದ. ಬಗ್ಗಿ, ಮಂಡಿ ಕಟಕಟ ಎನ್ನುತ್ತಿದ್ದಂತೆ, ಸತ್ತವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಲೆ ತೆಗೆದು ಅಮಿನಿಯೇಲಿಯ ಕೈಗಿಟ್ಟ. "ಹಾಗಾದ್ರೆ ಇದು ನಿಂದು. ವಿಷಯ ಮುಗೀತು," ಅಂದ. ಐಕಾ ಆಗ ಕೂತು ಅತ್ತಳು.

ಅನ್ನಾಳ ಆ ಬುಟ್ಟಿಯ ಹಣ್ಣು ಮರುದಿನಕ್ಕೆ ಉಳಿದು ಹುಳಿಯಾಯಿತು. ಅವಳು ಅದನ್ನು ಬಾಳೆಯ ಬುಡಕ್ಕೆ ಸುರಿದಳು.

ಗುಂಡಿ ಎಲ್ಲಿ ಎಂಬ ಮಾತು ಬಂದಾಗ ಐಕಾ, "ಕಾಲುವೆ ಪಕ್ಕದ ಸಾಲಿನಲ್ಲಿ. ಅಲ್ಲೇ ಬೇಕು ಅಂತ ಅವರೇ ಹೇಳಿದ್ರು," ಅಂದಳು. ಯಾಕೆ ಅಲ್ಲೇ ಎಂದು ಅವಳಿಗೂ ಗೊತ್ತಿದ್ದಂತಿರಲಿಲ್ಲ. ಒಡಹುಟ್ಟಿದವನೇ ಮೊದಲ ಗುದ್ದಲಿ ಹಾಕಬೇಕು. ಗುಂಡಿಗೆ ಜಾಗವಾಗಲು ಎರಡು ಕಾಫಿ ಗಿಡ ಕೀಳಬೇಕಾಯಿತು. ಹಣ್ಣು ಇನ್ನೂ ಗಿಡದಲ್ಲಿತ್ತು. ಹೆಂಗಸರು ಬಂದು ಬಿಡಿಸಿಕೊಂಡು ಹೋದರು, ಆಮೇಲೆ ಅಮಿನಿಯೇಲಿ ಬುಡ ಅಗೆದ. ಮೊದಲನೆಯ ಗಿಡದ ತಾಯಿಬೇರು ನೇರವಾಗಿ ಕೆಳಗಿಳಿದಿತ್ತು. ಎರಡನೆಯದು ಒಂದು ಗೇಣು ಇಳಿದು, ಕೊಕ್ಕೆಯ ಹಾಗೆ ಮಡಚಿ ಪಕ್ಕಕ್ಕೆ ಹೋಗಿತ್ತು. ಗುಂಡಿ ಆಳ ಸಾಲದೆ, ನೆಟ್ಟವನು ಅವಸರದಲ್ಲಿ ಒತ್ತಿ ಮಣ್ಣು ಮುಚ್ಚಿದ್ದ. ಜೊತೆಗೆ ಅಗೆಯುತ್ತಿದ್ದವರೆಲ್ಲ ಅದನ್ನು ನೋಡಿದರು. ಬೇರೆ ದಿನವಾಗಿದ್ದರೆ ನಾವು ಅವನನ್ನು ಅದೇ ಗುಂಡಿಯಲ್ಲಿ ಹೂಳುವಷ್ಟು ನಗುತ್ತಿದ್ದೆವು. ಅಂದು ಯಾರೂ ನಗಲಿಲ್ಲ. ಅವನು ಬೇರನ್ನು ಮಣ್ಣಿನ ರಾಶಿಯ ಹಿಂದೆ ಎಸೆದ.

ಪಾದ್ರಿ ಓದಿದ, ಹಾಡಿದರು, ಮಣ್ಣು ಮುಚ್ಚಿದರು. ತಲೆಯ ಹತ್ತಿರ ಇಸಾಲೆಯ ಕಡ್ಡಿಯನ್ನು ಅಮಿನಿಯೇಲಿಯೇ ಊರಿದ. ಜನ ಊಟಕ್ಕೆ ಹೊರಟ ಮೇಲೂ ಅವನು ನಿಂತಿದ್ದ. ಗೋರಿಗೂ ಕಾಲುವೆಗೂ ನಡುವೆ ಒಂದಿಷ್ಟು ಜಾಗ ಉಳಿದಿತ್ತು. ಅವನ ಕಣ್ಣು ಅದನ್ನು ಉದ್ದಕ್ಕೆ ಅಳೆಯಿತು, ಅಗಲಕ್ಕೆ ಅಳೆಯಿತು. ಒಬ್ಬ ಮನುಷ್ಯ ಹಿಡಿಯುತ್ತಿದ್ದ, ಕಾಲು ಸ್ವಲ್ಪ ಮಡಚಿಕೊಂಡರೆ.

"ಏನ್ ನೋಡ್ತಿದೀರಿ ಭಾವ?" ಐಕಾ ಹಿಂದೆ ಬಂದು ನಿಂತಿದ್ದಳು.

ಎಲೆ ಅವನ ಕೋಟಿನ ಜೇಬಿನಲ್ಲಿತ್ತು. ಮಾತು ಎತ್ತುವಂತಿರಲಿಲ್ಲ.

"ಏನಿಲ್ಲಮ್ಮ. ಗಿಡದ ಅಂತರ ನೋಡ್ತಿದ್ದೆ."

"ನಾನೂ ಅದೇ ಅಂದ್ಕೊಂಡೆ. ಎರಡು ಗಿಡ ಹೋಯ್ತು, ಆ ಜಾಗ ಯಾಕೆ ಖಾಲಿ ಬಿಡೋದು. ಮಳೆ ಬಂದಾಗ ನೀವೇ ಎರಡು ಸಸಿ ಇಟ್ಬಿಡಿ ಭಾವ. ಇನ್ಮೇಲೆ ನಮ್ಮಲ್ಲಿಗೂ ಕೆಲಸಕ್ಕೆ ಬರ್ತೀರಲ್ಲ?"

"ಬರ್ತೀನಿ."

ಮನೆಗೆ ಹೋಗಿ ಅವನು ಎಲಿಶಿಲಿಯಾಳಿಗೆ ಎಲ್ಲವನ್ನೂ ಹೇಳಿದ. ಶೆಡ್ರಾಕಿ ಅಂದ ಮಾತನ್ನೂ ಹೇಳಿದ. ಅವಳು ಒಲೆಯ ಬೆಂಕಿ ಕೆದಕಿ, "ನನಗೆ ಹೇಳಿ ಏನು ಪ್ರಯೋಜನ, ನಾನು ನಿಮ್ಮ ಹೆಂಡ್ತಿ," ಅಂದಳು.

ಮೊದಲ ಮಳೆ ಬಿದ್ದ ವಾರ ಅಮಿನಿಯೇಲಿ ಎರಡು ಸಸಿಗಳನ್ನು ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿಕೊಂಡು ಬೆಟ್ಟ ಹತ್ತಿದ. ಇಸಾಲೆ ಬೇರು ಹಿಡಿದು ಚಿಗುರಿತ್ತು. ಉಳಿದಿದ್ದ ಆ ಜಾಗದಲ್ಲಿ, ತಾಯಿಬೇರು ಮಡಚದ ಹಾಗೆ, ಅವನು ಗುಂಡಿಗಳನ್ನು ಬೇಕಾದದ್ದಕ್ಕಿಂತ ಆಳವಾಗಿ ತೋಡಿದ.